ಹುಲಗೆಮ್ಮನ ಕೂಸು

ಜುಲೈ 14, ಸೋಮವಾರ

ಹೋದ ವರ್ಷ ಇಲಾಖೆಯವರು ಕೊಟ್ಟಿದ್ದ ಡೈರಿ ಖಾಲಿ ಬಿದ್ದಿತ್ತು. ತಾರೀಖು ತಿದ್ದಿಕೊಂಡು ಅದರಲ್ಲೇ ಬರೆಯುತ್ತಿದ್ದೇನೆ. ಇವತ್ತಿನದನ್ನು ಎಲ್ಲಾದರೂ ಇಳಿಸದಿದ್ದರೆ ಆಗುವುದಿಲ್ಲ.

ಬೆಳಗ್ಗೆ ಅಂಗನವಾಡಿಯ ಬೀಗ ತೆಗೆಯುತ್ತಿದ್ದೆ. ನಮ್ಮ ಸಹಾಯಕಿ ನಸೀಮಾಬಿ ಏದುಸಿರು ಬಿಡುತ್ತ ಬಂದಳು. "ಅಕ್ಕಾರ, ಕಾಲುವಿ ದಂಡಿ ಮ್ಯಾಲೆ ಕೂಸು ಬಿದ್ದೈತಂತ. ಜೀವ ಐತಂತ."

ಇಬ್ಬರೂ ಓಡಿದೆವು. ಪಕ್ಕದೂರು ಮರಳಿಯ ರಸ್ತೆಯ ಸಣ್ಣ ಸೇತುವೆ ಹತ್ತಿರ, ಭತ್ತದ ನಾಟಿಗೆ ಹೊರಟಿದ್ದ ಹೆಂಗಸರೆಲ್ಲ ಗುಂಪು ಕಟ್ಟಿ ನಿಂತಿದ್ದರು. ನಡುವೆ ಹಳೆಯ ಟವೆಲಿನಲ್ಲಿ ಸುತ್ತಿದ ಹೆಣ್ಣು ಕೂಸು. ಹುಟ್ಟಿ ಒಂದು ದಿನವೂ ಆಗಿರಲಿಕ್ಕಿಲ್ಲ. ಅತ್ತು ಅತ್ತು ಅದರ ಧ್ವನಿ ಬೆಕ್ಕಿನ ಮರಿಯ ಕೂಗಿನಂತಾಗಿತ್ತು.

"ಮುಟ್ಟಬ್ಯಾಡ್ರಿ, ನಾಳೆ ಪೊಲೀಸರು ನಮ್ಮನ್ನ ಹಿಡೀತಾರ."

"ಯಾವ ಜಾತೀದೋ ಏನೋ."

"ಯಾರೋ ಮಾಡಿದ ಪಾಪ, ನಮ್ಮ ಊರ ದಂಡಿಗೆ ಬಂತು ನೋಡು."

ನನ್ನದನ್ನೂ ಬರೆಯುತ್ತೇನೆ. ನಾನು ಮೊದಲು ತೆಗೆದದ್ದು ಫೋನನ್ನು. ಯಾರಿಗೆ ಮಾಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತೆ. ಹತ್ತೊಂಬತ್ತು ವರ್ಷ ಮಕ್ಕಳ ಕೆಲಸ ಮಾಡಿದವಳು ನಾನು.

ಆಗ ಹುಲಗೆಮ್ಮ ಬಂದಳು. ಮಾರೆಪ್ಪನ ಹೆಂಡತಿ, ಹನ್ನೆರಡು ದಿನದ ಬಾಣಂತಿ. ತವರೂರು ತಳಕಲ್‌ನಲ್ಲಿ, ಮನೆಯಲ್ಲೇ ಹೆತ್ತಿದ್ದಳು. ಆ ಹೆಣ್ಣುಮಗು ಒಂಬತ್ತು ದಿನ ಬದುಕಿ ತೀರಿಹೋಯಿತು. ಅಲ್ಲಿ ಇರಲಾರೆ ಎಂದು ಹಟ ಹಿಡಿದು ಮೊನ್ನೆಯಷ್ಟೇ ಗಂಡನ ಮನೆಗೆ ಬಂದಿದ್ದಳು. ಕೈಯಲ್ಲಿದ್ದ ಕೊಡ ಕೆಳಗಿಟ್ಟು, ಯಾರನ್ನೂ ಒಂದು ಮಾತು ಕೇಳದೆ, ಮಣ್ಣಿನಲ್ಲೇ ಕುಳಿತು ಕೂಸನ್ನು ಎದೆಗೆ ಹಚ್ಚಿಕೊಂಡಳು.

"ಏ ಹುಲಗೀ, ಯಾರದಂತ ಗೊತ್ತೈತೇನ?" ಎಂದು ಯಾರೋ ಗದರಿದರು.

"ಹಸದೈತಿ" ಎಂದಳು ಅವಳು.

ಕೂಸು ಚಪ್ಪರಿಸುವ ಸದ್ದು, ಕಾಲುವೆ ನೀರಿನ ಸದ್ದು. ನಸೀಮಾಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಜಾತಿ ಕೇಳಿದ್ದವಳೇ ತನ್ನ ಬುತ್ತಿಯ ಬಟ್ಟೆ ಬಿಚ್ಚಿ ಕೂಸಿನ ತಲೆಗೆ ನೆರಳು ಹಿಡಿದಳು.

ಜುಲೈ 17

ಕೂಸು ಹುಲಗೆಮ್ಮನ ಮನೆಯಲ್ಲೇ ಇದೆ. ಇವತ್ತು ಮಾರೆಪ್ಪ ಬಂದಿದ್ದ. ನಮ್ಮ ಭಾವನವರಾದ ದೊಡ್ಡಬಸಪ್ಪನವರ ಹೊಲದಲ್ಲಿ ದುಡಿಯುವವನು. ಎಷ್ಟು ಕರೆದರೂ ಒಳಗೆ ಬರುವವನಲ್ಲ, ಬಾಗಿಲ ಹೊರಗೆ ಕುಳಿತ.

"ಅಕ್ಕಾರ, ನಮ್ಮ ಕೂಸು ಹುಟ್ಟಿದ್ದು ನಿಮ್ಮ ಬುಕ್ಕಿನ್ಯಾಗ ಬರದೀರಿ?"

"ಫೋನ್ ಮಾಡಿ ಹೇಳಿದ್ದೆಲ್ಲಪ, ಬರದೀನಿ."

"ಹೋಗಿದ್ದು?"

"ಇನ್ನಾ ಬರದಿಲ್ಲ."

ಅವನು ನೆಲ ಕೆರೆಯುತ್ತ ಹೇಳಿದ: "ಹಂಗ ಬಿಟ್ಟಬಿಡ್ರಿ. ಇದ್ದದ್ದು ಇರಲಿ. ಆಕಿ ಹೊಟ್ಟೀಗೆ ಕೂಳು ಹಾಕ್ಕೊಂಡಿದ್ದಿಲ್ರಿ. ಈಗ ಎರಡು ದಿನದಿಂದ ಉಣ್ಣಾಕತ್ಯಾಳ."

ಅವನು ಹೋದ ಮೇಲೆ ರಿಜಿಸ್ಟರ್ ತೆಗೆದು ನೋಡಿದೆ. ಹುಲಗೆಮ್ಮ ಗಂಡ ಮಾರೆಪ್ಪ, ಹೆಣ್ಣು ಶಿಶು, ಜುಲೈ ಎರಡು. ಪಕ್ಕದ ಅಂಕಣ ಖಾಲಿ. ನಾನು ಸುಳ್ಳು ಬರೆಯಬೇಕಿಲ್ಲ, ಒಂದು ಸಾಲನ್ನು ಬರೆಯದೆ ಬಿಟ್ಟರೆ ಸಾಕು. ರಿಜಿಸ್ಟರ್ ಮುಚ್ಚಿ ಕಪಾಟಿನಲ್ಲಿಟ್ಟೆ. ಮನಸ್ಸು ಹಗುರವಾಗಿದೆ.

ಜುಲೈ 24, ಗುರುವಾರ

ಚುಚ್ಚುಮದ್ದಿನ ದಿನ. ಹುಲಗೆಮ್ಮ ಕೂಸನ್ನು ಕರೆತಂದಳು. ತುಂಗಾ ಎಂದು ಹೆಸರಿಟ್ಟಿದ್ದಾರೆ. ನರ್ಸಮ್ಮ ತೂಕ ಮಾಡಿ, "ಎರಡೂ ಮುಕ್ಕಾಲು. ಛಲೋ ಐತಿ" ಎಂದರು. ಬೇರೇನೂ ಕೇಳಲಿಲ್ಲ. ಅವರಿಗೂ ಗೊತ್ತಿದೆ. ಊರಿಗೆಲ್ಲ ಗೊತ್ತಿದೆ. ಎಲ್ಲರೂ ಸೇರಿ ಒಂದು ಒಳ್ಳೆಯ ಕೆಲಸವನ್ನು ಬಚ್ಚಿಟ್ಟಿದ್ದೇವೆ.

ಮಾರೆಪ್ಪನ ತಾಯಿಯೂ ಬಂದಿದ್ದಳು. "ಹೋದಾಕಿನೇ ತಿರುಗಿ ಬಂದಾಳ್ರಿ. ದೇವಿ ಹುಲಿಗೆಮ್ಮ ತಾಯಿ ನೀರಿನ ಕೈಲೆ ಕಳಿಸ್ಯಾಳ." ನಕ್ಕೆನಾದರೂ, ನಂಬಿಕೆ ಇದ್ದರೆ ಹೀಗಿರಬೇಕು ಅನ್ನಿಸಿತು. ಯಾರ ಹೊಟ್ಟೆಯದೋ ಎಂಬ ಪ್ರಶ್ನೆಯನ್ನೇ ಮುದುಕಿ ಉಳಿಸಿಕೊಂಡಿಲ್ಲ.

ಹನ್ನೊಂದರ ಸುಮಾರಿಗೆ ರೂಪಾ ಬಂದಳು. ದೊಡ್ಡಬಸಪ್ಪ ಭಾವನವರ ಮಗಳು, ಗಂಗಾವತಿಯಲ್ಲಿ ಬಿ.ಕಾಂ. ಕೊನೆಯ ವರ್ಷ. ಕಾಮಾಲೆ ಎಂದು ನಾಲ್ಕು ತಿಂಗಳಿಂದ ತೋಟದ ಮನೆಯಲ್ಲೇ ಇಟ್ಟಿದ್ದರು. ನಮಗೂ ನೋಡಲು ಬಿಟ್ಟಿರಲಿಲ್ಲ. "ಸುಮ್ನ ಬಂದೆ ಚಿಗವ್ವ" ಎಂದು ಬಾಗಿಲಲ್ಲೇ ನಿಂತಳು.

ಸೂಜಿ ಚುಚ್ಚಿದಾಗ ಕೂಸು ಚೀರಿತು. ಹುಲಗೆಮ್ಮ ಎದೆಗೆ ಹಚ್ಚಿಕೊಳ್ಳುವಷ್ಟರಲ್ಲಿ ನಾನು ರೂಪಾಳ ಕಡೆ ನೋಡಿದೆ. ಅವಳ ಚೂಡಿದಾರದ ಎದೆ ಎರಡೂ ಕಡೆ ಒದ್ದೆಯಾಗುತ್ತಿತ್ತು. ವೇಲು ಎಳೆದು ಮುಚ್ಚಿಕೊಂಡಳು. ನಸೀಮಾಬಿ ಥಟ್ಟನೆ ಗೋಡೆಯ ಕಡೆ ತಿರುಗಿ ಅಕ್ಷರಮಾಲೆಯ ಪಟ ಸರಿಪಡಿಸತೊಡಗಿದಳು.

ಜುಲೈ 25

ರೂಪಾ ತಾನಾಗಿಯೇ ಮನೆಗೆ ಬಂದಳು. ನಮ್ಮವರು ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿರುವುದರಿಂದ ವಾರಕ್ಕೊಮ್ಮೆ ಬರುತ್ತಾರೆ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅಡಿಗೆಮನೆಯ ನೆಲದ ಮೇಲೆ ಕುಳಿತು ಅವಳು ಎಲ್ಲ ಹೇಳಿದಳು. ಹುಡುಗ ಯಾರೆಂಬುದನ್ನು ಮಾತ್ರ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಅಪ್ಪ, ಕಾಲುವ್ಯಾಗ ಹಾಕ್ರಿ ಅಂದ. ಅವ್ವ ಒಯ್ದು ದಂಡಿ ಮ್ಯಾಲೆ ಇಟ್ಲು. ನಾಟಿ ಹೆಣಮಕ್ಕಳು ಬರೂ ಹಾದಿ ಅಂತ ಅಲ್ಲೇ ಇಟ್ಲು. ಯಾರರ ಎತ್ಕೊಳೂತನ ಜಾಲಿ ಗಿಡದ ಹಿಂದ ನಿಂತಿದ್ಲಂತ."

ರೂಪಾಳ ಅವ್ವ ಕಳಕಮ್ಮಕ್ಕ! ಗಂಡನ ಎದುರು ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ.

"ಚಿಗವ್ವ, ಅದು ಅಲ್ಲೇ ಇರಲಿ. ಹುಲಗೆಮ್ಮನ ಹಂತ್ಯಾಕೇ ಇರಲಿ. ನನಗೇನೂ ಬ್ಯಾಡ. ದೂರಿಂದ ಕಂಡ್ರ ಸಾಕು."

ತಲೆ ನೇವರಿಸಿದೆ. ಎದೆಗೆ ಕಟ್ಟಿಕೊಳ್ಳಲು ಹಳೆಯ ಧೋತರದ ಬಟ್ಟೆ ಕೊಟ್ಟೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೆತ್ತವಳಿಗೂ ಹಾಲು ಕೊಟ್ಟವಳಿಗೂ ಬೇಕಾದದ್ದು ಒಂದೇ ಆಗಿರುವಾಗ ಮೂರನೆಯವರಿಗೆ ಇದರಲ್ಲಿ ಏನು ಕೆಲಸ?

ಜುಲೈ 29

ಪಂಚಮಿ. ಕಟ್ಟೆಯ ನಾಗಪ್ಪನಿಗೆ ಎಲ್ಲರೂ ಹಾಲೆರೆದೆವು. ಅಪ್ಪನ ಪಾಲು, ಅಣ್ಣನ ಪಾಲು ಎನ್ನುತ್ತ ಸರದಿ ಬಂದಾಗ ಹುಲಗೆಮ್ಮ ದೂರದಲ್ಲಿ ತಮ್ಮವರ ಕಲ್ಲಿಗೆ ಎರೆಯುತ್ತಿದ್ದಳು. "ಮಗಳ ಪಾಲು" ಎಂದು ಅವಳು ಗಟ್ಟಿಯಾಗಿ ಅಂದದ್ದು ಇಲ್ಲಿಯವರೆಗೂ ಕೇಳಿಸಿತು. ರೂಪಾ ಹಾಲೆರೆಯುವುದನ್ನು ಬಿಟ್ಟು ಆ ಕಡೆ ತಿರುಗಿದಳು. ಭಾವನವರು ಮಗಳನ್ನೇ ನೋಡುತ್ತಿದ್ದರು.

ಆಗಸ್ಟ್ 5

ಭಾವನವರು ಮನೆಗೆ ಬಂದರು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ನನ್ನ ಹತ್ತಿರ ಅವರು ನೇರ ಮಾತಾಡಿದ್ದು ಬೆರಳೆಣಿಕೆಯಷ್ಟು. ಗುಡಿಯ ಟ್ರಸ್ಟಿನ ಅಧ್ಯಕ್ಷರು, ಊರಿನ ಪಂಚಾಯಿತಿಕೆಯೆಲ್ಲ ಅವರದೇ. ಕುರ್ಚಿಯಲ್ಲಿ ಕುಳಿತು ಗೋಡೆಯ ಮೇಲಿನ ದೇವರ ಫೋಟೋ ನೋಡುತ್ತ ಮಾತಾಡಿದರು.

"ಊರಾಗ ಗುಸುಗುಸು ನಡದೈತಿ ಲಲಿತಾ. ಹುಟ್ಟು ಗೊತ್ತಿಲ್ಲದ ಕೂಸನ್ನ ಇಟ್ಕೊಂಡ್ರ ದೇವರು ಮೆಚ್ಚತಾನೇನ? ಮಾರೆಪ್ಪನ ಮಂದಿ ಒಳಗೇ ಮಾತು ಹತ್ಯಾವ. ಅದು ಬಿಡು, ಕಾಯದೆ ಅಂತ ಒಂದೈತಿಲ್ಲೋ? ಸಿಕ್ಕಿದ ಕೂಸನ್ನ ಸರ್ಕಾರಕ್ಕ ಒಪ್ಪಸಬೇಕು. ನೀ ಸರ್ಕಾರದ ಉಪ್ಪು ತಿನ್ನಾಕಿ."

ನನ್ನ ಬಾಯಿಗೆ ಬಂದಿತ್ತು. ಕಾಲುವೆಗೆ ಹಾಕಿರೆಂದು ಹೇಳಿದ ಬಾಯಿ ಇದೇ ಅಲ್ಲವೇ ಎಂದು ಕೇಳಬೇಕೆಂದು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಚಹಾ ಮಾಡಲೇನ್ರಿ?" ಎಂದು ಕೇಳಿದೆ.

ಆಗಸ್ಟ್ 8

ಗಂಗಾವತಿಯಲ್ಲಿ ಮೀಟಿಂಗ್. ಮೇಲ್ವಿಚಾರಕಿ ಶೈಲಜಾ ಮೇಡಂ ಸುತ್ತೋಲೆ ಓದಿದರು. ಅನಾಥ, ತ್ಯಜಿಸಲ್ಪಟ್ಟ ಮಕ್ಕಳು ಕಂಡುಬಂದರೆ ಇಪ್ಪತ್ನಾಲ್ಕು ಗಂಟೆಯೊಳಗೆ ತಿಳಿಸಬೇಕು. ತಿಳಿದೂ ತಿಳಿಸದಿದ್ದರೆ ಅಪರಾಧ. ಎಲ್ಲರಿಗೂ ಓದಿದ್ದು, ಆದರೆ ಓದುವಾಗ ಮೇಡಂ ನನ್ನ ಕಡೆ ನೋಡಿದರು. ಅಥವಾ ನನಗೆ ಹಾಗೆ ಕಂಡಿತೋ.

ಚಹಾದ ಹೊತ್ತಿಗೆ ಪಕ್ಕಕ್ಕೆ ಕರೆದರು. "ಲಲಿತಾ ಅವರ, ನಿಮ್ಮ ಊರಿಂದ ಯಾರೋ ಫೋನ್ ಮಾಡಿದ್ರು. ಹೆಸರು ಹೇಳಲಿಲ್ಲ. ನಾನು ಕೇಳಿಸ್ಕೊಂಡಿಲ್ಲ ಅಂತ ತಿಳ್ಕೊಳ್ರಿ. ಒಂದು ವಾರದಾಗ ನೀವೇ ಸರಿ ಮಾಡಿಬಿಡ್ರಿ. ಸರ್ವಿಸ್ ಎಷ್ಟಾತು ನಿಮದು?"

"ಹತ್ತೊಂಬತ್ತು ವರ್ಷ ಮೇಡಂ."

"ನೋಡ್ರಿ ಮತ್ತ."

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನಾನು ಕಾಯಿದೆಗೆ ವಿರುದ್ಧ ಏನನ್ನೂ ಬರೆದಿಲ್ಲ. ಬರೆಯಬೇಕಾದದ್ದನ್ನು ಬರೆದಿಲ್ಲ, ಅಷ್ಟೇ. ಇದನ್ನು ಯಾರ ಮುಂದೆ ನಿಂತು ಹೇಳಲಿ?

ಆಗಸ್ಟ್ 10

ನಮ್ಮವರು ಬಂದು ಹೋದರು. "ನಿನಗ್ಯಾಕ ಬೇಕಿತ್ತು ಈ ಉಸಾಬರಿ?" ಎಂದರು. ಇನ್ನೇನೂ ಅನ್ನಲಿಲ್ಲ.

ಮಾರೆಪ್ಪನ ತಾಯಿ ಮಾತು ಬದಲಿಸಿದ್ದಾಳೆ. ದೇವರು ಮೈಮೇಲೆ ಬರುವ ಯಾವಳೋ, ಸತ್ತ ಕೂಸಿನ ಹಾಲನ್ನು ಬೇರೆ ಕೂಸಿಗೆ ಕುಡಿಸಿದರೆ ಮುಂದೆ ಆ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಎಂದಳಂತೆ. ಮುದುಕಿ ಈಗ ಕೂಸನ್ನು ಎತ್ತಿಕೊಳ್ಳುವುದಿಲ್ಲ. ಆ ಹೆಂಗಸು ಅದಕ್ಕೂ ಹಿಂದಿನ ದಿನ ಭಾವನವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳೆಂದು ನಸೀಮಾಬಿ ಹೇಳಿದಳು.

ಆಗಸ್ಟ್ 11

ಇವತ್ತು ಏನೂ ಬರೆಯುವುದು ಬೇಡ.

ಆಗಸ್ಟ್ 13

ಮಾಡಿದೆ. ಮೊದಲು ರಿಜಿಸ್ಟರ್ ತೆಗೆದು ಖಾಲಿ ಅಂಕಣದಲ್ಲಿ ಬರೆದೆ: ಶಿಶು ಮರಣ, ಜುಲೈ ಹನ್ನೊಂದು, ತಳಕಲ್. ನನ್ನ ಅಕ್ಷರ ದುಂಡಗೆ ಬಂದಿದೆ. ಆಮೇಲೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ, ಇಂಥ ಮಗು ಇಂಥವರ ಮನೆಯಲ್ಲಿದೆ ಎಂದು ಹೇಳಿದೆ. ಆ ಕಡೆಯ ಹುಡುಗಿ ಬಹಳ ಸೌಜನ್ಯದಿಂದ ಮಾತಾಡಿದಳು, ಧನ್ಯವಾದ ಹೇಳಿದಳು.

ಕೂಸಿಗೂ ಒಳ್ಳೆಯದೇ ಅಲ್ಲವೇ? ಮಾರೆಪ್ಪನದು ಒಂದೇ ಕೋಣೆಯ ಗುಡಿಸಲು. ಮುಂದೆ ಶಾಲೆಗೆ ಸೇರಿಸುವಾಗ, ಆಧಾರ್ ಮಾಡಿಸುವಾಗ ಎಲ್ಲಿಯಾದರೂ ಒಂದು ಕಡೆ ಸಿಕ್ಕಿಬೀಳಲೇಬೇಕಿತ್ತು. ಒಂದು ತಿಂಗಳ ಕೂಸಿಗೆ ಏನು ತಿಳಿಯುತ್ತದೆ? ಈಗಲೇ ಹೋದರೆ ನೋವು ಕಡಿಮೆ.

ಆಗಸ್ಟ್ 14, ಗುರುವಾರ

ಹತ್ತು ಗಂಟೆಗೆ ಜೀಪು ಬಂತು. ಮಕ್ಕಳ ರಕ್ಷಣೆಯ ಅಧಿಕಾರಿ ಒಬ್ಬರು ಹೆಣ್ಣುಮಗಳು, ಒಬ್ಬ ಮಹಿಳಾ ಪೊಲೀಸು. ಮನೆ ತೋರಿಸಲು ನಾನೇ ಹೋಗಬೇಕಾಯಿತು.

ಹುಲಗೆಮ್ಮ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ನಕ್ಕು, "ಬರ್ರಿ ಅಕ್ಕಾರ, ನೋಡ್ರಿ, ಕುತ್ತಿಗಿ ಎತ್ತಾಕ ನೋಡತಾಳ" ಎಂದಳು. ನನ್ನ ಹಿಂದೆ ಇದ್ದವರನ್ನು ಆಮೇಲೆ ಕಂಡಳು.

ಅಧಿಕಾರಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ಯಾರೂ ಬೈಯಲಿಲ್ಲ. ಮಾರೆಪ್ಪನ ತಾಯಿ ಮಾತ್ರ ಒಳಗಿನಿಂದ, "ಒಯ್ಯಲಿ ಬಿಡು" ಎಂದಳು. ಹುಲಗೆಮ್ಮ ಕೂಗಾಡುತ್ತಾಳೆ, ಅಡ್ಡ ಬೀಳುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ಅದೇನೂ ಮಾಡದೆ, "ಒಂದ ಸಲ ಕುಡಿಸಿ ಕೊಡತೀನ್ರಿ" ಎಂದಳು.

ಕಾಲು ಗಂಟೆ ಎಲ್ಲರೂ ಅಂಗಳದಲ್ಲಿ ನಿಂತೆವು. ಪೊಲೀಸಮ್ಮ ಬೇರೆ ಕಡೆ ನೋಡುತ್ತಿದ್ದಳು. ಕುಡಿಸಿ, ತೇಗಿಸಿ, ಬಾಯಿ ಒರೆಸಿ, ಹಣೆಗೆ ಕಾಡಿಗೆ ಇಟ್ಟು ಕೊಟ್ಟಳು. ಜೀಪು ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಯಾರು ಹೇಳಿದ್ರ ಅಕ್ಕಾರ ಇವರಿಗೆ?"

"ಗೊತ್ತಿಲ್ಲವ್ವ" ಎಂದೆ.

ಆಗಸ್ಟ್ 18

ಹುಲಗೆಮ್ಮನಿಗೆ ಹಾಲು ಕಟ್ಟಿ ಜ್ವರ ಬಂದಿದೆ. ಎದೆ ಕಲ್ಲಿನಂತಾಗಿದೆ. ಆಸ್ಪತ್ರೆಗೆ ತೋರಿಸಲು ಹೇಳಿ, ಎಲೆಕೋಸಿನ ಎಲೆ ಇಟ್ಟು ಬಿಗಿಯಾಗಿ ಕಟ್ಟಿಕೊಳ್ಳಲು ಹೇಳಿಕೊಟ್ಟೆ. ನಮ್ಮ ತರಬೇತಿಯಲ್ಲಿ ಇದೆಲ್ಲ ಇದೆ.

ನಸೀಮಾಬಿ ನಾಲ್ಕು ದಿನದಿಂದ ನನ್ನೊಡನೆ ಮಾತಾಡಿರಲಿಲ್ಲ. ಇವತ್ತು ಪಾತ್ರೆ ತೊಳೆಯುತ್ತ, ತಲೆ ಎತ್ತದೆ ಕೇಳಿದಳು: "ರೂಪಾವ್ವನ ಹೆಸರು ಹೇಳಿದ್ರೇನ್ರಿ ಅವರಿಗೆ?"

"ಅದನ್ನ ಯಾಕ ಹೇಳಲಿ? ಆ ಹುಡಿಗಿ ಬಾಳೇ ಹಾಳಾಗತೈತಿ."

"ಹೌದ್ರಿ. ಆಕಿ ಬಾಳು ಹಾಳಾಗತೈತಿ" ಎಂದಳು. ಆಕಿ ಎಂಬುದನ್ನು ಒತ್ತಿ ಹೇಳಿದಳು.

ನಸೀಮಾಬಿಗೆ ಓದು ಕಡಿಮೆ. ಕಾನೂನು ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎಂಬುದು ತಿಳಿಯುವುದಿಲ್ಲ.

ಆಗಸ್ಟ್ 26

ಕೊಪ್ಪಳಕ್ಕೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಹೇಳಿಕೆ ಕೊಡಲು ನಾನು, ಹುಲಗೆಮ್ಮ, ಮಾರೆಪ್ಪ. ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು. ಹುಲಗೆಮ್ಮ ಮದುವೆಯ ಸೀರೆ ಉಟ್ಟಿದ್ದಳು.

ಸಮಿತಿಯವರು ನಾಲ್ವರು, ಸಭ್ಯರು. ಕೂರಲು ಕುರ್ಚಿ ಕೊಟ್ಟರು, ನೀರು ಕೊಟ್ಟರು. ಅಧ್ಯಕ್ಷರು ಕೇಳಿದರು, "ಸಿಕ್ಕ ದಿನವೇ ಯಾಕಮ್ಮ ತಿಳಿಸಲಿಲ್ಲ?"

"ಅಳಾಕತ್ತಿತ್ರಿ."

"ಅಳು ನಿಂತ ಮೇಲೆ?"

ಹುಲಗೆಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಅಳು ನಿಂತ ಮ್ಯಾಲೆ ಮಲಗಿತ್ರಿ" ಎಂದಳು.

ದತ್ತು ಬೇಕಾದರೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು, ಸರದಿ ಬರಲು ವರ್ಷಗಳಾಗಬಹುದು, ಇದೇ ಮಗು ಬೇಕೆಂದು ಕೇಳುವಂತಿಲ್ಲ. ಅಧ್ಯಕ್ಷರು ಎರಡೆರಡು ಸಲ ತಿಳಿಸಿ ಹೇಳಿದರು. ಕಾನೂನು ಮಾಡಿದ್ದೇ ಮಕ್ಕಳ ಮಾರಾಟ ತಡೆಯಲಿಕ್ಕೆ, ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಬೇಕಾಗುತ್ತದೆ ಎಂದರು. ತಪ್ಪೇನಿಲ್ಲ ಅದರಲ್ಲಿ.

ಮಾರೆಪ್ಪ ಎದ್ದು ನಿಂತು ಕೈಮುಗಿದ. "ಹಾಲು ಕುಡದ ಕೂಸಿಗೆ ಅರ್ಜಿ ಹಾಕಬೇಕೇನ್ರಿ ಸಾಹೇಬ್ರ?"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರವಾಗಿ, ಮಗು ಇಲ್ಲಿನ ಶಿಶುಗೃಹದಲ್ಲಿರುವವರೆಗೆ ಪ್ರತಿ ಶನಿವಾರ ಅರ್ಧ ತಾಸು ಬಂದು ನೋಡಬಹುದು ಎಂದು ಅನುಮತಿ ಬರೆದುಕೊಟ್ಟರು. ನನ್ನನ್ನು ಕೇಳಿದ್ದಕ್ಕೆಲ್ಲ ಸತ್ಯವನ್ನೇ ಹೇಳಿದೆ. ತಿಳಿಸಲು ಯಾಕೆ ತಡವಾಯಿತು ಎಂದದ್ದಕ್ಕೆ, ಅದು ಹುಲಗೆಮ್ಮನದೇ ಮಗುವೆಂದು ತಿಳಿದಿದ್ದೆ ಎಂದೆ.

ಸೆಪ್ಟೆಂಬರ್ 9

ಹುಲಗೆಮ್ಮ ಪತ್ರಿಕೆಯ ತುಂಡು ಹಿಡಿದು ಬಂದಳು. ತುಂಗಾಳ ಫೋಟೋ ಬಂದಿದೆ, ಬೇರೆ ಅಂಗಿ, ಬೇರೆ ಹೆಸರು. "ಏನ ಬರದಾರ ಓದ್ರಿ."

ಓದಿದೆ. ಸದರಿ ಮಗುವಿನ ಪೋಷಕರು ಯಾರಾದರೂ ಇದ್ದಲ್ಲಿ ನಿಗದಿತ ದಿನದೊಳಗೆ ಹಾಜರಾಗತಕ್ಕದ್ದು, ಇಲ್ಲವಾದಲ್ಲಿ ಮಗುವನ್ನು ದತ್ತು ನೀಡಲಾಗುವುದು.

"ಅವ್ವ ಯಾರಿದ್ರೂ ಬರ್ರಿ ಅಂತ ಬರದಾರಲ್ರಿ? ನಾ ವಾರಾ ವಾರಾ ಹೊಕ್ಕೀನಲ್ಲ."

"ಹೆತ್ತಾಕಿ ಬರಬೇಕವ್ವ."

"ಆಕಿ ಬರಂಗಿದ್ರ ಇಡತಿದ್ಲೇನ್ರಿ ಅಲ್ಲಿ?" ಎಂದು ತುಂಡನ್ನು ಮಡಚಿ ಕುಬಸದಲ್ಲಿ ಇಟ್ಟುಕೊಂಡಳು.

ಸೆಪ್ಟೆಂಬರ್ 22

ಸ್ಥಳ ವಿಚಾರಣೆಗೆ ಬಂದಿದ್ದರು. ಮಗುವಿನ ಹೆತ್ತವರ ಬಗ್ಗೆ ಮಾಹಿತಿ ಎಂಬಲ್ಲಿ "ತಿಳಿದಿಲ್ಲ" ಎಂದು ಬರೆದು ಸಹಿ ಮಾಡಿ, ಮುದ್ರೆ ಒತ್ತಿ ಕೊಟ್ಟೆ. ವರದಿ ಅಚ್ಚುಕಟ್ಟಾಗಿದೆ ಎಂದರು.

ಅಕ್ಟೋಬರ್ 24

ರೂಪಾಳ ನಿಶ್ಚಿತಾರ್ಥ. ವರ ಕುಷ್ಟಗಿಯ ಕಡೆಯವನು, ಬ್ಯಾಂಕಿನಲ್ಲಿದ್ದಾನೆ. ಭಾವನವರು ಬೀಗರಿಗೆ ನನ್ನನ್ನು ಪರಿಚಯಿಸಿದರು. "ನಮ್ಮ ತಮ್ಮನ ಹೆಂಡತಿ. ಸರ್ಕಾರಿ ಕೆಲಸ. ಧರ್ಮ, ಕಾಯದೆ ಎರಡೂ ಬಿಡದಾಕಿ." ಎಲ್ಲರ ಎದುರು ರೇಷ್ಮೆ ಸೀರೆ ಆಯಾರ ಮಾಡಿದರು. ಬಣ್ಣ ಚೆನ್ನಾಗಿದೆ, ಎಲೆಹಸಿರು.

ಕಳಕಮ್ಮಕ್ಕ ನನಗೆ ಊಟ ಬಡಿಸಲಿಲ್ಲ, ಪಕ್ಕದ ಎಲೆಗೆ ಹೋದರು. ಕೆಲಸದ ಗಡಿಬಿಡಿ ಇರಬೇಕು. ರೂಪಾ ಹಿರಿಯರೆಲ್ಲರ ಕಾಲಿಗೆ ಬಿದ್ದವಳು ನನ್ನ ಮುಂದೆ ಬಂದು ನಿಂತುಬಿಟ್ಟಳು. "ಮಾತು ಕೊಟ್ಟಿದ್ದಿ ಚಿಗವ್ವ" ಎಂದಳು ಮೆಲ್ಲಗೆ.

"ನಿನ್ನ ಹೆಸರು ಎಲ್ಲೂ ಬರಲಿಲ್ಲಲ್ಲವ್ವ" ಎಂದೆ ನಾನೂ ಮೆಲ್ಲಗೆ.

ಅವಳು ಬಗ್ಗಲಿಲ್ಲ. ಮುಂದಿನವರ ಕಡೆ ಹೋದಳು. ಈಗಿನ ಹುಡುಗಿಯರಿಗೆ ಮಾಡಿದ ಉಪಕಾರ ನೆನಪಿರುವುದಿಲ್ಲ.

ನವೆಂಬರ್ 27, ಗುರುವಾರ

ಕೊಪ್ಪಳದಿಂದ ಅಧಿಕಾರಿ ಫೋನ್ ಮಾಡಿದ್ದರು. ಸದರಿ ಮಗು ಮಂಗಳವಾರ ದತ್ತು ಹೋಗಿದೆ, ಬೇರೆ ರಾಜ್ಯ, ಒಳ್ಳೆಯ ಮನೆತನ. ಎಲ್ಲಿಗೆ, ಯಾರಿಗೆ ಎಂಬುದು ಗೋಪ್ಯ. "ಆ ಹೆಣ್ಣುಮಗಳಿಗೆ ನೀವೇ ನಿಧಾನಕ್ಕೆ ಒಂದು ಮಾತು ತಿಳಿಸಿಬಿಡಿ, ಪಾಪ ಅಷ್ಟು ದೂರದಿಂದ ಬರುತ್ತಾಳೆ" ಎಂದರು. ಆಗಲಿ ಎಂದೆ.

ಆದರೆ ಹೇಗೆ ಹೇಳುವುದು? ಹೋಯಿತು ಎಂದರೆ ಎಲ್ಲಿಗೆ ಎಂದು ಕೇಳುತ್ತಾಳೆ. ಅದನ್ನು ಹೇಳುವಂತಿಲ್ಲ. ಗೋಪ್ಯ ಎಂದ ಮೇಲೆ ಅರ್ಧ ಹೇಳುವುದೂ ತಪ್ಪೇ.

ನವೆಂಬರ್ 29, ಶನಿವಾರ

ಬೆಳಗ್ಗೆ ಮೊಟ್ಟೆ ತರಲು ಹೊರಟಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಹುಲಗೆಮ್ಮ ನಿಂತಿದ್ದಳು. ಚಳಿ ಬಿದ್ದಿದೆಯೆಂದು ಕೂಸಿಗೆ ಕೆಂಪು ಉಲನ್ ಟೊಪ್ಪಿಗೆ ಕೊಂಡಿದ್ದಾಳೆ. ನನಗೆ ತೋರಿಸಿ, ಒಳಗೆ ಮುಷ್ಟಿ ಹಾಕಿ ಅಗಲ ಮಾಡಿ, "ತಲಿ ಇಷ್ಟು ಆಗೈತಲ್ರಿ ಈಗ? ಸಣ್ಣದಾಗತೈತೇನ?" ಎಂದು ಕೇಳಿದಳು.

"ಸರಿ ಆಗತೈತಿ" ಎಂದೆ.

ಕೊಪ್ಪಳದ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ಅಲ್ಲಿಯವರೆಗೂ ಅವಳ ಜೊತೆಗೇ ನಿಂತಿದ್ದೆ. ಬಹಳ ಗದ್ದಲವಿತ್ತು. ಕಿಟಕಿಯಿಂದ ಕರ್ಚೀಫು ಹಾಕಿ ಅವಳಿಗೆ ಸೀಟು ಹಿಡಿದುಕೊಟ್ಟೆ.